ಪೆಟ್ರೋಲಿನೊಳಗೆ ನೀರು

ಸ್ನಾನ ಮಾಡಬೇಕೆಂದರೆ ಕಪ್ತಾನನನ್ನು ಕೀಲಿಕೈ ಕೇಳಬೇಕು ಎಂಬ ಕಾನೂನು ಆ ಮನೆಯಲ್ಲಿ ಜಾರಿಗೆ ಬಂದು ಎಂಟು ದಿನವಾಗಿತ್ತು. ಕೇಳಿದವರಿಗೆ ಅವನು ತಕ್ಷಣ ಕೊಡುತ್ತಿರಲಿಲ್ಲ. ಸೊಂಟದ ದಾರಕ್ಕೆ ಕಟ್ಟಿದ್ದ ಕೀಲಿಯನ್ನು ನಿಧಾನವಾಗಿ ಬಿಚ್ಚಿ, ತಾನೇ ಬಂದು ಬಚ್ಚಲಿನ ಬಾಗಿಲು ತೆಗೆದು, ಒಳಗೆ ಒಮ್ಮೆ ಇಣುಕಿ, ಆಮೇಲೆ "ಹೂಂ, ಹೋಗಿ" ಅನ್ನುತ್ತಿದ್ದ.

ಕಪ್ತಾನನೆಂದರೆ ಹಡಗಿನ ಕಪ್ತಾನನೇನಲ್ಲ. ಹೊಳೆಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ, ಹತ್ತು ಜನ ಕೂರುವ ಒಂದು ಮೋಟಾರು ಬೋಟು ಅವನದು. ದೋಣಿಕಟ್ಟೆಯವರು ತಮಾಷೆಗೆ ಇಟ್ಟ ಹೆಸರನ್ನು ಅವನು ಪದವಿಯೆಂದೇ ತಿಳಿದು ಇಪ್ಪತ್ತು ವರ್ಷದಿಂದ ಹೊತ್ತು ತಿರುಗುತ್ತಿದ್ದ. ಮಂಡಿನೋವು ಹೆಚ್ಚಾದ ಮೇಲೆ ಬೋಟನ್ನು ಅಳಿಯನ ಕೈಗೆ ಕೊಟ್ಟು ಒಂದು ವರ್ಷವಾಗಿತ್ತು. ಕೊಟ್ಟದ್ದು ಬೋಟನ್ನು ಮಾತ್ರ, ನಂಬಿಕೆಯನ್ನಲ್ಲ. ಇಂಜಿನ್ ರಿಪೇರಿಗೆಂದು ಮನೆಗೆ ಬಂದ ಹುಡುಗ ಮಗಳನ್ನು ಮೆಚ್ಚಿಕೊಂಡು, ಮಗಳೂ ಅವನನ್ನು ಮೆಚ್ಚಿಕೊಂಡು, ಎಲ್ಲ ಮುಗಿದ ಮೇಲೆ ತನಗೆ ಸುದ್ದಿ ಮುಟ್ಟಿಸಿದರೆಂಬ ಸಿಟ್ಟು ಅವನಿಗೆ ಇನ್ನೂ ಆರಿರಲಿಲ್ಲ.

ಪೆಟ್ರೋಲಿನ ದೊಡ್ಡ ತಗಡಿನ ಡಬ್ಬಿ ಮೊದಲು ಹಿತ್ತಲಿನ ಸೂರಿನ ಕೆಳಗೆ ಇರುತ್ತಿತ್ತು. ಒಮ್ಮೆ ತುಂಬಿಸಿದರೆ ಆರು ದಿನ ಬರುತ್ತಿದ್ದದ್ದು ಐದೇ ದಿನಕ್ಕೆ ತಳ ಕಾಣತೊಡಗಿತು. ಅಳಿಯ ಕಾರಣ ಹೇಳಿದ.

"ನಡುವೆ ಹೂಳು ಎದ್ದಿದೆ ಮಾವ. ನೇರ ಹೋದ್ರೆ ತಳ ತಾಗುತ್ತೆ. ಸುತ್ತು ಹಾಕ್ಕೊಂಡು ಹೋಗ್ಬೇಕು."

"ಇಪ್ಪತ್ತು ವರ್ಷ ನಾನು ನೇರ ಹೋಗಿದ್ದೀನಿ. ನಿನಗೊಬ್ಬನಿಗೆ ಹೂಳು ಎದ್ದಿತಾ?"

"ಒಂದು ದಿನ ಬಂದು ಕೂತ್ಕೊಳ್ಳಿ, ತೋರಿಸ್ತೀನಿ."

"ನನ್ನ ಮಂಡಿ ಬರಲ್ಲ ಅಂತ ಗೊತ್ತಿದ್ದೇ ಕರೀತಿದ್ದೀಯ."

ಮರುದಿನವೇ ಡಬ್ಬಿ ಬಚ್ಚಲಿಗೆ ಹೋಯಿತು. ಮನೆಯಲ್ಲಿ ಹೊರಗಿನಿಂದ ಬೀಗ ಹಾಕಲು ಬರುವ ಬಾಗಿಲು ಅದೊಂದೇ. ಡಬ್ಬಿಗೆ ಜಾಗ ಸಾಲದೆ ಅಲ್ಲಿದ್ದ ಎತ್ತರದ ಕಾಲಿನ ಮರದ ಮಣೆಯನ್ನು ಕಪ್ತಾನ ಹೊರಗೆ ಎಸೆದ. ಬೆಳಿಗ್ಗೆ ಬೋಟಿಗೆ ಬೇಕಾದಷ್ಟು ಪೆಟ್ರೋಲನ್ನು ಅವನೇ ಡಬ್ಬಿಯ ತಳಕ್ಕೆ ಕೊಳವೆ ಇಳಿಬಿಟ್ಟು, ಸಣ್ಣ ಕ್ಯಾನಿಗೆ ಇಳಿಸಿ ಅಳಿಯನ ಕೈಗೆ ಕೊಡುತ್ತಿದ್ದ.

"ಸೋಪು ಹಚ್ಕೊಂಡ್ರೂ ಪೆಟ್ರೋಲ್ ವಾಸನೆ, ತಲೆ ಒರೆಸ್ಕೊಂಡ್ರೂ ಪೆಟ್ರೋಲ್ ವಾಸನೆ," ಎಂದು ಅವನ ಹೆಂಡತಿ ಗೊಣಗಿದಳು. "ನನ್ನ ಹತ್ರ ಯಾರಾದ್ರೂ ಬೆಂಕಿಕಡ್ಡಿ ಗೀರಿದ್ರೆ ಮುಗೀತು ನನ್ನ ಕಥೆ."

"ಕಳ್ಳತನ ನಿಲ್ಲೋ ತನಕ ಸಹಿಸ್ಕೋ."

"ಕಳ್ಳ ಯಾರ್ರೀ? ಹೆಸರು ಹೇಳಿ."

"ಹೆಸರು ಬೇರೆ ಹೇಳ್ಬೇಕಾ?" ಎಂದು ಕಪ್ತಾನ ಹಿಂದಿನ ಕೋಣೆಯ ಕಡೆ ಗದ್ದ ಎತ್ತಿ ತೋರಿಸಿದ. ಮಗಳು, ಅಳಿಯ ಇರುವುದು ಆ ಕೋಣೆಯಲ್ಲಿ. ಮಗಳು ಬಾಗಿಲಲ್ಲೇ ನಿಂತಿದ್ದಳು. ಅವಳು ಒಗೆದ ಬಟ್ಟೆಗಳನ್ನು ಹಗ್ಗದ ಮೇಲೆ ಎಸೆದೆಸೆದು ಹಾಕಿದಳು.

ಈ ಬೀಗದ ಗಲಾಟೆ ಏನೂ ತಾಗದವಳೆಂದರೆ ಕಪ್ತಾನನ ತಾಯಿ. ಎಂಬತ್ತು ದಾಟಿದ ಅಜ್ಜಿಗೆ ದಿನಕ್ಕೆ ಎರಡು ಸಲ ಬಿಸಿನೀರು ಸ್ನಾನ ಆಗಲೇಬೇಕು. ಮಗ ಕೀಲಿ ಬಿಚ್ಚಲು ತಡಮಾಡಿದರೆ ಅವಳು ನಿಂತಲ್ಲೇ ಸೆರಗು ಜಾರಿಸುವ ಬೆದರಿಕೆ ಹಾಕುತ್ತಿದ್ದಳು. ಕಪ್ತಾನ ಓಡಿ ಬಂದು ಬೀಗ ತೆಗೆಯುತ್ತಿದ್ದ.

ಎರಡನೆಯ ವಾರ ಬೋಟಿನ ಇಂಜಿನ್ ಕೆಮ್ಮತೊಡಗಿತು. ಒಂದು ದಿನ ಒಂಬತ್ತು ಜನ ಕೂತಿದ್ದಾಗ ನಡುನೀರಿನಲ್ಲಿ ನಿಂತೇ ಹೋಯಿತು. ಸೆಳವು ಬೋಟನ್ನು ಅರ್ಧಕ್ಕೆ ನಿಂತ ಸೇತುವೆಯ ಕಂಬದ ಕಡೆಗೆ ಒಯ್ದಿತು. ಅಳಿಯ ಹುಟ್ಟು ಹಾಕಿ, ಬೆವರಿಳಿಸಿ, ಹೇಗೋ ದಡ ಮುಟ್ಟಿಸಿದ. ದಡದಲ್ಲಿ ರಿಪೇರಿ ಶೆಡ್ಡಿನ ಮೇಸ್ತ್ರಿ ಇಂಜಿನ್ನಿನ ಕಾರ್ಬುರೇಟರ್ ಬಿಚ್ಚಿ, ಅದರಲ್ಲಿದ್ದದ್ದನ್ನು ಅಂಗೈಗೆ ಸುರಿದುಕೊಂಡು, ಬೆರಳಿಂದ ಉಜ್ಜಿ ನೋಡಿ, ನಾಲ್ಕು ಜನರ ಎದುರೇ ಹೇಳಿದ: "ನೀರು. ಪೆಟ್ರೋಲಿನಲ್ಲಿ ನೀರಿದೆ."

ಮಾತು ಅಳಿಯನಿಗಿಂತ ಮೊದಲೇ ಮನೆ ಸೇರಿತ್ತು. ಸಂಜೆ ತಟ್ಟೆಗೆ ಅನ್ನ ಬೀಳುವ ಮುಂಚೆಯೇ ಕಪ್ತಾನ ಶುರುಮಾಡಿದ.

"ಏನ್ರೀ ಅಳಿಯಂದಿರೇ, ಹೊಸ ವಿದ್ಯೆ ಕಲಿತಿದ್ದೀರಂತೆ?"

ಅವನು ಅಳಿಯನಿಗೆ ಬಹುವಚನ ಹಚ್ಚಿದನೆಂದರೆ ಗಂಡಾಂತರ ಕಾದಿದೆ ಎಂದೇ ಅರ್ಥ.

"ಯಾವ ವಿದ್ಯೆ ಮಾವ?"

"ಕ್ಯಾನಿನಿಂದ ಪೆಟ್ರೋಲ್ ಬಗ್ಗಿಸ್ಕೊಳ್ಳೋದು, ಅಳತೆ ಕಡಿಮೆ ಕಾಣ್ಬಾರದು ಅಂತ ಅಷ್ಟೇ ನೀರು ಹೊಯ್ಯೋದು."

"ಅಪ್ಪಾ!" ಎಂದು ಮಗಳು ಸೌಟನ್ನು ಪಾತ್ರೆಗೆ ಕುಕ್ಕಿದಳು. "ನಡುನೀರಲ್ಲಿ ಇಂಜಿನ್ ನಿಂತ್ರೆ ಮೊದಲು ಸಾಯೋದು ಅವನೇ. ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕ್ಕೊಳ್ತಾನಾ?"

"ದುರಾಸೆಗೆ ಕಣ್ಣಿರುತ್ತಾ?"

ಅಳಿಯ ಮಾತು ಕಡಿಮೆಯ ಮನುಷ್ಯ. ಅವನು ಉಪ್ಪಿನ ಡಬ್ಬಿಯನ್ನು ಸರಿಸಿ ಹೇಳಿದ: "ಒಂದು ಫಿಲ್ಟರ್ ಹಾಕ್ತೀನಿ. ಕೆಳಗೆ ಗಾಜಿನ ಥರ ಕಾಣೋ ಬಟ್ಟಲು ಇರುತ್ತೆ. ಪೆಟ್ರೋಲಲ್ಲಿ ನೀರಿದ್ರೆ ಇಂಜಿನ್ನಿಗೆ ಹೋಗೋ ಮೊದಲೇ ಬಟ್ಟಲಲ್ಲಿ ಇಳಿದು ನಿಲ್ಲುತ್ತೆ. ಎಷ್ಟು ನೀರು, ಯಾವತ್ತು ಬಂತು, ಎಲ್ರೂ ಕಣ್ಣಾರೆ ನೋಡ್ಬಹುದು."

"ಹಾಕು. ನೋಡೇ ಬಿಡೋಣ," ಅಂದ ಕಪ್ತಾನ. "ಆದ್ರೆ ಒಂದು ಮಾತು. ತಿಂಗಳ ಕೊನೆಯೊಳಗೆ ಇದು ನಿಲ್ಲದಿದ್ರೆ ನಿನಗೆ ಬೋಟೂ ಇಲ್ಲ, ಹಿಂದಿನ ಕೋಣೆಯೂ ಇಲ್ಲ. ನನ್ನ ಮಗಳು ಯಾವ ಕಡೆ ಅಂತ ಅವಳೇ ಹೇಳ್ಲಿ."

ತಿಂಗಳ ಕೊನೆಗೆ ಇನ್ನು ಹದಿಮೂರು ದಿನ ಇತ್ತು. ಅಂದು ಯಾರೂ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಅಜ್ಜಿಯೊಬ್ಬಳು ಮಾತ್ರ ತನ್ನ ಮೊಟ್ಟೆ ಮುಗಿಸಿ, ಸೊಸೆಯ ಅರ್ಧ ಮೊಟ್ಟೆಯನ್ನೂ ಕೇಳಿ ತಿಂದಳು.

ಫಿಲ್ಟರ್ ಕೂರಿಸಿದ ದಿನ ಕಪ್ತಾನ ಮಂಡಿಗೆ ಬಟ್ಟೆ ಸುತ್ತಿಕೊಂಡು ದೋಣಿಕಟ್ಟೆಗೆ ಬಂದು, ಮೇಲಿನ ಮೆಟ್ಟಿಲ ಮೇಲೆ ಕೂತ. ಮಗಳು ಗಂಡನಿಗೆ ಸಾಮಾನು ಎತ್ತಿಕೊಡಲು ಬೋಟಿಗೆ ಇಳಿದಿದ್ದಳು. ಅಳಿಯ ಮೊದಲು ಬೋಟಿನ ಹಿಂಬದಿಯ ಹಲಗೆಯಲ್ಲಿ, ನೀರು ಸಿಡಿಯದ ಎತ್ತರದಲ್ಲಿ, ಎರಡು ತೂತು ಕೊರೆದು ಫಿಲ್ಟರಿನ ಪಟ್ಟಿ ಬಿಗಿದ. ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಕೈಯಲ್ಲಿ ಹಿಡಿದು, ಅಳೆದು, ಮತ್ತೆ ಅಳೆದು, ಕತ್ತರಿಸಿದ.

"ಚೆನ್ನಾಗಿದ್ದ ಪೈಪನ್ನ ಯಾಕೋ ಕತ್ತರಿಸ್ತೀಯ?" ಎಂದು ಮೆಟ್ಟಿಲಿನಿಂದ ಕೂಗು ಬಂತು.

"ನಡುವೆ ಫಿಲ್ಟರ್ ಕೂರ್ಬೇಕಲ್ಲ ಮಾವ."

ಫಿಲ್ಟರಿನ ನೆತ್ತಿಯ ಮೇಲೆ ಒಂದು ಬಾಣದ ಗುರುತು ಇತ್ತು. ಪೆಟ್ರೋಲ್ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗಬೇಕೆಂದು ಹೇಳುವ ಬಾಣ. ಅಳಿಯ ಅದನ್ನು ಹೆಂಡತಿಗೆ ತೋರಿಸಿ, ಟ್ಯಾಂಕಿನ ಪೈಪನ್ನು ಒಂದು ಬದಿಗೆ, ಇಂಜಿನ್ನಿನ ಪೈಪನ್ನು ಇನ್ನೊಂದು ಬದಿಗೆ ತುರುಕಿ, ಕ್ಲಿಪ್ಪು ಬಿಗಿದ. ಆಮೇಲೆ ಪೈಪಿನ ನಡುವೆ ಇರುವ ರಬ್ಬರ್ ಗುಂಡನ್ನು ಅವಳ ಕೈಗೆ ಕೊಟ್ಟ.

"ಹಿಂಡು. ಗಟ್ಟಿ ಆಗೋವರೆಗೆ ಹಿಂಡು."

ಅವಳು ಹಿಂಡಿದಳು. ಪಾರದರ್ಶಕ ಬಟ್ಟಲಿನಲ್ಲಿ ಪೆಟ್ರೋಲ್ ಬುಳುಬುಳು ಏರಿತು. ಅಳಿಯ ಪ್ರತಿ ಕ್ಲಿಪ್ಪಿನ ಸುತ್ತ ಬೆರಳಾಡಿಸಿ, ಬೆರಳು ಮೂಸಿ, ಎಲ್ಲೂ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ. ಹೆಂಡತಿಯ ಉಗುರುಬಣ್ಣದಿಂದ ಬಟ್ಟಲ ಮೇಲೆ ಒಂದು ಕೆಂಪು ಗೆರೆ ಎಳೆದ.

"ನೀರು ಈ ಗೆರೆ ಮುಟ್ಟಿದ್ರೆ ಬೋಟ್ ನಿಲ್ಲಿಸಿ ಕೆಳಗಿನ ಪುಟ್ಟ ನಲ್ಲಿ ತಿರುಗಿಸ್ಬೇಕು. ನೀರು ತಳದಲ್ಲಿರುತ್ತೆ, ಅದೇ ಮೊದಲು ಇಳಿದು ಹೋಗುತ್ತೆ."

"ಏನದು? ನಲ್ಲಿ?" ಕಪ್ತಾನ ಮಂಡಿ ಮರೆತು ಎದ್ದು ನಿಂತ. "ಕೆಳಗೆ ನಲ್ಲಿ ಇಟ್ಟಿದ್ದಾರಾ? ಭೇಷ್! ಇಷ್ಟು ದಿನ ಕ್ಯಾನು ಬಗ್ಗಿಸೋ ಕಷ್ಟ ಇತ್ತು. ಈಗ ನಲ್ಲಿ ತಿರುಗಿಸಿದ್ರೆ ಸಾಕು, ಬಾಟ್ಲಿ ತುಂಬುತ್ತೆ!"

ಕಟ್ಟೆಯಲ್ಲಿ ಕಾದಿದ್ದವರು ನಕ್ಕರು. ಮಗಳ ಮುಖ ಕಿವಿಯವರೆಗೆ ಕೆಂಪಾಯಿತು. ಅಳಿಯ ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಲಿಲ್ಲ.

ಆ ಸಂಜೆ ಬೋಟು ಕಟ್ಟುವಾಗ ಬಟ್ಟಲಿನ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು. ಮೇಲೆ ಹಳದಿ ಪೆಟ್ರೋಲ್, ಕೆಳಗೆ ಬಣ್ಣವಿಲ್ಲದ ನೀರು, ನಡುವೆ ಕೂದಲೆಳೆಯಂಥ ಗೆರೆ. ಯಾರೂ ವಾದ ಮಾಡುವ ಹಾಗಿರಲಿಲ್ಲ. ಅಂಥ ಸಾಕ್ಷಿ ಕೈಗೆ ಸಿಕ್ಕಿದ್ದಕ್ಕೆ ಕಪ್ತಾನನಿಗೆ ಆದ ಸಂತೋಷ, ನಿಜ ಹೇಳಬೇಕೆಂದರೆ, ನೋಡಲು ಚೆನ್ನಾಗಿರಲಿಲ್ಲ.

"ಬೆಳಿಗ್ಗೆ ನಾನು ಕೊಟ್ಟದ್ದು ಶುದ್ಧ ಪೆಟ್ರೋಲ್. ಸಂಜೆಗೆ ನೀರು. ನಡುವೆ ಮುಟ್ಟಿದ್ದು ಒಬ್ಬನೇ," ಎಂದು ಊಟದ ಹೊತ್ತಿಗೆ ತೀರ್ಪು ಕೊಟ್ಟ.

"ಪಂಪಿನಲ್ಲೇ ನೀರು ಬೆರೆಸಿದ್ರೆ?" ಎಂದಳು ಅವನ ಹೆಂಡತಿ.

"ಅದೇ ಪಂಪಿನ ಪೆಟ್ರೋಲ್ ಹಾಕೋ ಬೇರೆ ಬೋಟುಗಳು ನಿಂತಿವೆಯಾ?"

ಅಳಿಯ ಕೈ ತೊಳೆದು ಬಂದು, ನಿಂತುಕೊಂಡೇ ಹೇಳಿದ: "ನಾಳೆಯಿಂದ ಬೋಟು ನೀವೇ ಓಡಿಸಿ ಮಾವ. ಮೇಸ್ತ್ರಿ ಶೆಡ್ಡಿನಲ್ಲಿ ಕೆಲಸ ಇದೆ ಅಂದಿದ್ದಾರೆ. ದಿನಾ ಸಂಜೆ ಬಟ್ಟಲು ನೋಡಿ. ಕೆಂಪು ಗೆರೆ ಮರೀಬೇಡಿ."

"ನನಗೆ ಪಾಠ ಹೇಳ್ಬೇಡ."

"ಮರೀಬೇಡಿ ಅಷ್ಟೇ," ಎಂದು ಅವನು ಕೋಣೆಗೆ ಹೋದ.

ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ತಟ್ಟೆಯನ್ನು ಅವನ ಮುಂದೆ ಕುಕ್ಕುವುದು, ಚಹಾವನ್ನು ಅವನಿಂದ ಒಂದು ಮಾರು ದೂರ ಇಡುವುದು, ಇಷ್ಟರಲ್ಲೇ ಅವನ ಜೊತೆಗಿನ ಅವಳ ವ್ಯವಹಾರ ನಡೆಯಿತು. ಗಂಡನ ಪರವಾಗಿ ತಾಯಿಯ ಹತ್ತಿರ, ಅಜ್ಜಿಯ ಹತ್ತಿರ, ಪಕ್ಕದ ಮನೆಯವಳ ಹತ್ತಿರ ಗಂಟಲು ಹರಿದುಕೊಂಡು ವಾದಿಸಿದಳು. ಆದರೆ ಅಪ್ಪನ ರಕ್ತವೇ ಅವಳ ಮೈಯಲ್ಲೂ ಹರಿಯುತ್ತಿತ್ತಲ್ಲ. ಎರಡು ಬೆರಳು ನೀರು ಅವಳ ಕಣ್ಣಿಗೂ ಕಟ್ಟಿತ್ತು. ಗಂಡ ಮುಖ ತೊಳೆಯಲು ಹೋದಾಗ ಅವಳು ಅವನ ಚೀಲದಲ್ಲಿ ಕೈಯಾಡಿಸಿದಳು. ಮಂಚದ ಕೆಳಗೆ ಖಾಲಿ ಬಾಟಲಿ ಇದೆಯೇ ಎಂದು ಬಗ್ಗಿ ನೋಡಿದಳು. ಅವನ ಅಂಗಿ ಮೂಸಿದಳು. ಇಂಜಿನ್ ಕೆಲಸದವನ ಅಂಗಿ ಪೆಟ್ರೋಲ್ ನಾರದೆ ಮಲ್ಲಿಗೆ ನಾರುತ್ತದೆಯೇ? ಅದು ಗೊತ್ತಿದ್ದೂ ಮೂಸಿದಳು, ಆಮೇಲೆ ತನ್ನ ಮೇಲೆ ತಾನೇ ಅಸಹ್ಯಪಟ್ಟಳು.

ಇತ್ತ ಕಪ್ತಾನ ಬೋಟು ಹತ್ತಿದ. ಮೊದಲನೆಯ ದಿನವೇ ನೇರ ಹೋಗಿ, ನಡುವಿನ ಹೂಳಿಗೆ ಬೋಟಿನ ಹೊಟ್ಟೆ ಉಜ್ಜಿಸಿಕೊಂಡು, ಜನರಿಂದ ಬೈಸಿಕೊಂಡು, ಹಿಂದೆ ಬಂದು ಸುತ್ತು ಹಾಕಿದ. ಮರುದಿನದಿಂದ ಯಾರೂ ಹೇಳದೆಯೇ ಸುತ್ತು ಹಾಕಿದ. ಡಬ್ಬಿ ಐದೇ ದಿನಕ್ಕೆ ಮುಗಿಯಿತು. ಮನೆಯಲ್ಲಿ ಈ ವಿಷಯ ಅವನು ಎತ್ತಲಿಲ್ಲ.

ಮೊದಲನೆಯ ದಿನ ಸಂಜೆಯೇ ಬಟ್ಟಲಿನಲ್ಲಿ ನೀರು ಕಂಡಿತ್ತು. ಅಳಿಯನ ಕಾಲದ ಹಳೇ ನೀರು ಎಂದುಕೊಂಡು ನಲ್ಲಿ ತಿರುಗಿಸಿ ಇಳಿಸಿದ. ಮರುದಿನ ಮತ್ತೆ ನೀರು. ಮೂರನೆಯ ದಿನ ಅದು ಕೆಂಪು ಗೆರೆಯನ್ನೇ ಮುಟ್ಟಿತು. ಹತ್ತು ಜನರ ಬೋಟಿನಲ್ಲಿ ಹನ್ನೊಂದು ಜನರನ್ನು ತುಂಬಿಕೊಂಡಿದ್ದ ಕಪ್ತಾನ ನಡುನೀರಿನಲ್ಲಿ ಬೋಟು ನಿಲ್ಲಿಸಿ, ನಲ್ಲಿ ತಿರುಗಿಸಿ, ಮತ್ತೆ ಇಂಜಿನ್ ಎಳೆದ. ಅದು ಒಂದೇ ಎಳೆತಕ್ಕೆ ಹೊತ್ತಿಕೊಂಡಿತು.

ಬೇರೆಯವರಾಗಿದ್ದರೆ ಅಲ್ಲಿಗೆ ಅಳಿಯ ನಿರಪರಾಧಿ ಎಂದು ಒಪ್ಪುತ್ತಿದ್ದರು. ಕಪ್ತಾನ ಹಾಗೆ ಸುಲಭಕ್ಕೆ ಸೋಲುವವನಲ್ಲ. ಕೀಲಿಯ ಅಚ್ಚು ತೆಗೆದುಕೊಂಡು ಅಳಿಯ ಇನ್ನೊಂದು ಮಾಡಿಸಿರಬಹುದು ಎಂದು ಬೀಗವನ್ನೇ ಬದಲಾಯಿಸಿದ. ಹೆಂಡತಿ ಸ್ನಾನಕ್ಕೆ ಹೋದಾಗ ಬಾಗಿಲ ಹೊರಗೆ ಕಿವಿ ಕೊಟ್ಟು ನಿಂತ.

"ರೀ, ಒಳಗೆ ನಾನೊಬ್ಬಳೇ ಇದ್ದೀನಿ," ಅಂದಳು ಅವಳು ಒಳಗಿನಿಂದ.

"ಡಬ್ಬಿ ಮುಟ್ಬೇಡ."

"ಮೂವತ್ತು ವರ್ಷ ಸಂಸಾರ ಮಾಡಿ, ಈಗ ನಾನು ಪೆಟ್ರೋಲ್ ಕಳ್ಳಿ ಆದ್ನಾ? ತಗೊಂಡು ಏನ್ ಮಾಡ್ಲಿ, ಕುಡೀಲಾ?"

ಬಟ್ಟಲಿನ ನೀರನ್ನು ಅವನು ಈಗ ಯಾರಿಗೂ ಕಾಣದಂತೆ ಇಳಿಸುತ್ತಿದ್ದ. ಒಂಬತ್ತನೆಯ ಸಂಜೆ ಕಟ್ಟೆಗೆ ಬೆನ್ನು ಮಾಡಿ ಕೂತು ನಲ್ಲಿ ತಿರುಗಿಸುವಾಗ, ಸೊಪ್ಪು ಕೊಳ್ಳಲು ಬಂದಿದ್ದ ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು. ಒಂಬತ್ತು ದಿನದ ಮೌನ ಅಲ್ಲಿ ಮುರಿಯಿತು.

"ಅದೇನಪ್ಪ?"

"ಹಳೇ ನೀರು."

"ಒಂಬತ್ತು ದಿನದ ಹಳೇ ನೀರಾ? ದಿನಾ ಹೀಗೇ ಚೆಲ್ತಿದ್ದೀಯಾ?"

ಕಪ್ತಾನ ನಲ್ಲಿಯನ್ನು ಬಿಗಿಯಾಗಿ ಮುಚ್ಚಿದ.

"ಅವನು ಕಳ್ಳ ಅಲ್ಲ ಅಂತ ನಿನಗೆ ಗೊತ್ತಾಗಿದೆ. ಗೊತ್ತಾಗಿಯೂ ಬಾಯಿ ಮುಚ್ಕೊಂಡಿದ್ದೀಯ. ತಿಂಗಳು ಮುಗಿಯೋಕೆ ಮೂರು ದಿನ ಇದೆ ಅಪ್ಪ. ನಮ್ಮನ್ನ ಆಚೆ ಹಾಕೇ ಬಿಡೋಣ ಅಂತಿದ್ಯಾ?"

"ಯಾರು ಬೆರೆಸ್ತಿದ್ದಾರೆ ಅಂತ ಗೊತ್ತಾಗ್ಲಿ, ಆಮೇಲೆ ಹೇಳ್ತೀನಿ," ಎಂದು ಅವನು ಮೆಲ್ಲಗೆ ಅಂದ. ಅವಳು ಸೊಪ್ಪು ಕೊಳ್ಳದೆ ಹಿಂತಿರುಗಿದಳು.

ಮರುದಿನ ಕಪ್ತಾನ ಡಬ್ಬಿಯ ಮುಚ್ಚಳಕ್ಕೂ ತಗಡಿಗೂ ಸೇರಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. ಯಾರಾದರೂ ತಿರುಗಿಸಿದರೆ ಗೆರೆ ತಪ್ಪುತ್ತದೆ. ಆಮೇಲೆ ಬೋಟಿಗೆ ಹೋಗದೆ ಬಚ್ಚಲಿನ ಎದುರು ಕುರ್ಚಿ ಹಾಕಿಕೊಂಡು ಕೂತ. ಮಧ್ಯಾಹ್ನದವರೆಗೆ ಒಳಗೆ ಹೋದವಳು ಅಜ್ಜಿ ಒಬ್ಬಳೇ. ಅವಳು ಹಾಡಿಕೊಂಡು, ಸುರಿದುಕೊಂಡು, ಅರ್ಧ ಗಂಟೆಯ ನಂತರ ಹೊರಗೆ ಬಂದಳು. ಕಪ್ತಾನ ಒಳಗೆ ನುಗ್ಗಿದ.

ಡಬ್ಬಿಯ ಮೇಲೆ ಅಜ್ಜಿಯ ಬಿಸಿನೀರಿನ ಚೊಂಬು ಕೂತಿತ್ತು. ಡಬ್ಬಿಯ ಮೇಲ್ಭಾಗ ತಟ್ಟೆಯ ಹಾಗೆ ತಗ್ಗಾಗಿ, ಸುತ್ತ ಅಂಚು ಎದ್ದಿದೆ. ಆ ತಗ್ಗಿನಲ್ಲೇ ಮುಚ್ಚಳ. ಚೊಂಬಿನಿಂದ ಚೆಲ್ಲಿದ ನೀರು ಅಲ್ಲಿ ಮುಚ್ಚಳ ಮುಳುಗುವಷ್ಟು ನಿಂತಿತ್ತು. ಸೀಮೆಸುಣ್ಣದ ಗೆರೆ ಕರಗಿಹೋಗಿತ್ತು. ಅವನು ನೋಡುತ್ತಿದ್ದಂತೆ ಮುಚ್ಚಳದ ಅಂಚಿನಿಂದ ಒಂದು ಗುಳ್ಳೆ ಎದ್ದು ಒಡೆಯಿತು, ನೀರು ಒಂದಿಷ್ಟು ಒಳಗೆ ಇಳಿಯಿತು. ಮತ್ತೊಂದು ಗುಳ್ಳೆ. ಮುಚ್ಚಳದ ಕೆಳಗಿನ ರಬ್ಬರ್ ಯಾವತ್ತೋ ಸತ್ತಿತ್ತು.

"ಅಮ್ಮಾ, ಚೊಂಬು ಇಲ್ಲಿಡು ಅಂತ ಯಾರು ಹೇಳಿದ್ರು?"

"ಮತ್ತೆ ಎಲ್ಲಿಡ್ಲಿ, ನಿನ್ನ ತಲೆ ಮೇಲಾ?" ಅಂದಳು ಅಜ್ಜಿ ಕೂದಲು ಒರೆಸಿಕೊಳ್ಳುತ್ತ. "ಮಣೆ ಇತ್ತು, ಮಣೆ ಮೇಲೆ ಇಡ್ತಿದ್ದೆ. ಅದನ್ನ ನೀನು ಆಚೆ ಎಸೆದೆ. ಬಗ್ಗೋಕಾಗಲ್ಲ ನನಗೆ. ಈ ಡಬ್ಬಿ ಸರಿಯಾದ ಎತ್ತರದಲ್ಲಿದೆ."

ಕಪ್ತಾನ ಒದ್ದೆ ನೆಲದ ಮೇಲೆ ಬಹಳ ಹೊತ್ತು ನಿಂತಿದ್ದ. ಕಳ್ಳನನ್ನು ಹಿಡಿಯಲು ತಾನು ಹಾಕಿದ ಬೀಗವೇ ನೀರು ಬೆರೆಸುತ್ತಿತ್ತು ಎಂಬುದು ತಲೆಗೆ ಇಳಿಯಲು ಅಷ್ಟು ಹೊತ್ತು ಹಿಡಿಯಿತು. ಅವನಿಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಆಗಿರಲಿಲ್ಲ.

ಬೆಳಕಿರುವಾಗಲೇ ಊಟ ಆಗಬೇಕೆಂಬುದು ಅಜ್ಜಿಯ ಹಟ, ಹಾಗಾಗಿ ಸಂಜೆ ಎಲ್ಲರೂ ಬೇಗ ಕೂತರು. ಅಳಿಯ ಶೆಡ್ಡಿನಿಂದ ಬಂದು ಮೂಲೆಯಲ್ಲಿ ಕೂತ. ಕಪ್ತಾನ ಆಲೂಗಡ್ಡೆಯನ್ನು ಹಿಚುಕುತ್ತಲೇ ಇದ್ದ, ಬಾಯಿಗೆ ಇಡಲಿಲ್ಲ.

"ನೀವೇ ಹೇಳ್ತೀರೋ, ನಾನು ಹೇಳ್ಲೋ?" ಅಂದಳು ಹೆಂಡತಿ.

"ಹೇಳ್ತೀನಿ ಇರು." ಅವನು ತಟ್ಟೆಯನ್ನೇ ನೋಡುತ್ತ ಅಂದ, "ತಪ್ಪಾಯ್ತು ಕಣಪ್ಪ. ನೀನು ಕದ್ದಿಲ್ಲ. ಬಚ್ಚಲಲ್ಲಿ ಡಬ್ಬಿ ಒಳಗೆ ನೀರು ಹೋಗ್ತಾ ಇತ್ತು. ತಪ್ಪು ನಂದೇ."

"ಚೊಂಬು ನಂದು," ಎಂದು ಅಜ್ಜಿ ನಿಷ್ಠೆಯಿಂದ ಸೇರಿಸಿದಳು.

"ಗೊತ್ತಿತ್ತು ಮಾವ," ಅಂದ ಅಳಿಯ.

ಎಲ್ಲರ ಕೈಗಳೂ ನಿಂತವು.

"ಬೋಟು ನಿಮಗೆ ಬಿಟ್ಟುಕೊಟ್ಟ ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನೋಡಿದೆ. ಅಜ್ಜಿ ಆಗಷ್ಟೇ ಬಂದಿದ್ರು."

"ಹೇಳ್ಬಾರದಿತ್ತೇನೋ!"

"ಹೇಳಿದ್ರೆ ನಂಬ್ತಿದ್ರಾ? ನಾನೇ ನೀರು ಹೊಯ್ದು ಬಂದೆ ಅಂತಿದ್ರಿ."

"ಒರೆಸಿ ಬರ್ಬಹುದಿತ್ತಲ್ಲಪ್ಪ," ಎಂದಳು ಅತ್ತೆ, "ಇವರು ಹನ್ನೊಂದು ಜನರನ್ನ ಹಾಕ್ಕೊಂಡು..."

"ಒರೆಸಿದ್ರೆ ಅವತ್ತೇ ನೀರು ನಿಲ್ತಿತ್ತು ಅತ್ತೆ. ನಾನು ಬೋಟು ಬಿಟ್ಟ ಕೂಡಲೇ ನೀರು ನಿಂತ್ರೆ ಕಳ್ಳ ಯಾರು ಅಂತ ಆಗ್ತಿತ್ತು?" ಅವನು ನೀರಿನ ಲೋಟ ಕೈಗೆತ್ತಿಕೊಂಡ. "ಬೋಟಲ್ಲಿ ಫಿಲ್ಟರ್ ಇತ್ತು. ಇಂಜಿನ್ನಿಗೆ ನೀರು ಹೋಗಲ್ಲ, ಮಾವನಿಗೆ ಏನೂ ಆಗಲ್ಲ ಅಂತ ಧೈರ್ಯ ಇತ್ತು. ಇಲ್ಲದಿದ್ರೆ ಹೇಳೇ ಹೇಳ್ತಿದ್ದೆ, ಕಳ್ಳ ಅನ್ನಿಸ್ಕೊಂಡಾದ್ರೂ."

ಕಪ್ತಾನ ತನ್ನ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಎತ್ತಿ ಅಳಿಯನ ತಟ್ಟೆಗೆ ಹಾಕಿದ. "ನಾಳೆ ಬೋಟಿಗೆ ಬಾ," ಅಂದ. ಅಳಿಯ ತಲೆಯಾಡಿಸಿದ. ಮನೆ ಉಸಿರು ಬಿಟ್ಟಿತು.

ಹಿತ್ತಲಿನ ನಲ್ಲಿಯ ಹತ್ತಿರ ಮಗಳು ತಟ್ಟೆ ಉಜ್ಜುತ್ತಿದ್ದಳು, ಗಂಡ ತೊಳೆದಿಡುತ್ತಿದ್ದ.

"ನನಗಾದ್ರೂ ಹೇಳ್ಬಹುದಿತ್ತು," ಅಂದಳು ಅವಳು. "ಹತ್ತು ದಿನ ಊರೆಲ್ಲ ನಿನ್ನ ಪರ ಜಗಳ ಆಡಿದ್ದೀನಿ."

"ಹೇಳೋಣ ಅಂತಲೇ ಕೋಣೆಗೆ ಬಂದೆ. ನೀನು ನನ್ನ ಅಂಗಿ ಮೂಸ್ತಾ ಇದ್ದೆ."

ಒಗೆಯಲೆಂದು ನೋಡಿದೆ ಎಂಬ ಸುಳ್ಳು ಅವಳ ನಾಲಿಗೆ ತುದಿಗೇ ಬಂದಿತ್ತು. ಅದನ್ನು ನುಂಗಿದಳು.

"ಅನುಮಾನ ಬಂದಿತ್ತು. ಎರಡು ದಿನ."

"ನಾಲ್ಕು."

"ಎಣಿಸಿದ್ಯಾ?"

"ಈ ಮನೇಲಿ ಇನ್ನೇನು ಕಲೀಲಿ?" ಅವನು ಕೊನೆಯ ತಟ್ಟೆಯನ್ನು ಗೋಡೆಗೆ ಒರಗಿಸಿದ. "ಬೋಟಿಗೆ ಹೋಗ್ತೀನಿ. ಆದ್ರೆ ಇಲ್ಲಿ ಇರಲ್ಲ. ಶೆಡ್ಡಿನ ಮೇಲೆ ಒಂದು ಕೋಣೆ ಖಾಲಿ ಇದೆ. ಮೇಸ್ತ್ರಿನ ಕೇಳಿದ್ದೀನಿ."

"ಒಬ್ಬನಿಗಾ, ಇಬ್ಬರಿಗಾ?"

"ಅವರೂ ಅದನ್ನೇ ಕೇಳಿದ್ರು. ನಾಳೆ ಹೇಳ್ತೀನಿ ಅಂದೆ."

ಅವಳು ನಲ್ಲಿ ನಿಲ್ಲಿಸಿದಳು. ಕೈಗೆ ಮೆತ್ತಿದ್ದ ನೊರೆಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

"ಇಬ್ಬರಿಗೆ ಅಂತ ಹೇಳು. ನಾಳೆ ಬೇಡ, ಈಗ್ಲೇ. ಶೆಡ್ಡು ಇನ್ನೂ ತೆಗೆದಿರುತ್ತೆ. ನಾನೂ ಬರ್ತೀನಿ."

"ನೀನ್ಯಾಕೆ? ನಾನು ಹೇಳಲ್ಲ ಅಂತ ಅನುಮಾನವಾ?"

"ಹೌದು," ಎಂದು ಅವಳು ಚಪ್ಪಲಿ ಮೆಟ್ಟಿದಳು.